ಹಂಪಿ ರಥ ಬಿಟ್ಟು ನಮ್ಮ ಕಡೆಯ ಪ್ರಿಂಟ್ ಗೋಡೆಗೆ ಹಾಕಬೇಕು ಅಂದರೆ ಏನಿದೆ?

ಗಂಗಾವತಿ ಗದ್ದೆ

ಹೊಸ ಮನೆ ಕಟ್ಟಿಸಿದ್ದೇವೆ. ಪಡಸಾಲೆಯಲ್ಲಿ ಒಂದು ಗೋಡೆ ಖಾಲಿ ಇದೆ. ಮನೆಯವರು ದೊಡ್ಡ ಟಿವಿ ಅಂದರು, ನಾನು ಚಿತ್ರ ಅಂದೆ, ಸದ್ಯಕ್ಕೆ ನಾನು ಗೆದ್ದಿದ್ದೇನೆ. ತೊಂದರೆ ಏನಂದರೆ ಆನ್‌ಲೈನಿನಲ್ಲಿ ನಮ್ಮ ಕಡೆಯ ಪ್ರಿಂಟ್ ಅಂತ ಹುಡುಕಿದರೆ ಬರೋದು ಒಂದೇ, ಕಲ್ಲಿನ ರಥ. ಕಪ್ಪು ಬಿಳುಪು ರಥ, ಸೂರ್ಯ ಮುಳುಗುವ ರಥ, ನೀರು ಬಣ್ಣದ ರಥ. ಐವತ್ತರ ನೋಟಿನ ಹಿಂದೆ ಕೂಡ ಅದೇ ಇದೆ, ನೋಟಿಗೇ ಫ್ರೇಮ್ ಹಾಕಿಸಿದರೆ ಖರ್ಚು ಕಡಿಮೆ ಅಲ್ವಾ.

ಹಂಪಿ ಬಗ್ಗೆ ಸಿಟ್ಟಿಲ್ಲ. ಹೊಳೆ ದಾಟಿದರೆ ಸಿಗುವ ಊರು. ಆದರೆ ನಾನು ಬೆಳೆದದ್ದು ಭತ್ತದ ಗದ್ದೆ, ರೈಸ್ ಮಿಲ್ಲಿನ ತೌಡಿನ ಧೂಳು, ಎಡದಂಡೆ ಕಾಲುವೆ ನೀರಿನ ನಡುವೆ. ಅದನ್ನು ಯಾರಾದರೂ ಚಿತ್ರ ಮಾಡಿದ್ದಾರಾ? ಇನ್ನೊಂದು ಸಂಶಯ. ಕೈಯಿಂದ ಒತ್ತಿದ ಪ್ರಿಂಟ್ ಅಂತ ಒಬ್ಬರು ತೋರಿಸಿದರು, ಬೆಲೆ ಕೇಳಿ ಸುಮ್ಮನಾದೆ. ಪ್ರಿಂಟ್ ಅಂದ ಮೇಲೆ ನಕಲು ತಾನೆ, ಅದಕ್ಕೆ ಯಾಕೆ ಅಷ್ಟು?

ಕೌಲ್ ಬಜಾರ್

ಬಳ್ಳಾರಿಯವರ ಸಂಕಟ ಇನ್ನೂ ಜಾಸ್ತಿ ಅಣ್ಣ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತು, ಹಂಪಿ ಆ ಕಡೆ ಹೋಯಿತು. ನಮ್ಮ ಅಂಗಡಿಗಳಲ್ಲಿ ಮಾತ್ರ ಇನ್ನೂ ರಥವೇ ನೇತಾಡುತ್ತಿದೆ. ನಮ್ಮ ಪಾಲಿಗೆ ಉಳಿದದ್ದು ಕೋಟೆ ಗುಡ್ಡ, ಜೀನ್ಸು, ಬಿಸಿಲು. ಮೂರನ್ನೂ ಯಾರೂ ಫ್ರೇಮ್ ಹಾಕಿಸಲ್ಲ.

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ಗದ್ದೆಯವರೇ, ಮೊದಲು ನಿಮ್ಮ ಎರಡನೇ ಪ್ರಶ್ನೆ. ಎರಡು ಬೇರೆ ಬೇರೆ ವಸ್ತುವನ್ನು ಅಂಗಡಿಯವರು ಒಂದೇ ಹೆಸರಲ್ಲಿ ಮಾರುತ್ತಾರೆ, ಗೊಂದಲ ಅಲ್ಲಿಂದ ಶುರು. ಒಂದು, ಎಲ್ಲೋ ಬರೆದ ಚಿತ್ರದ ಫೋಟೋ ತೆಗೆದು ಮಷಿನ್‌ನಲ್ಲಿ ಹೊಡೆದದ್ದು. ಇನ್ನೊಂದರಲ್ಲಿ ಬರೆದ ಚಿತ್ರ ಅಂತ ಬೇರೆ ಇರುವುದೇ ಇಲ್ಲ. ಕಲಾವಿದ ಮರದ ಹಲಗೆಯನ್ನೋ ಲಿನೋ ಅನ್ನುವ ಮೆತ್ತನೆಯ ಹಾಳೆಯನ್ನೋ ಕೆತ್ತುತ್ತಾನೆ, ಇಲ್ಲವೇ ತಾಮ್ರ, ಸತುವಿನ ತಗಡನ್ನು ಆಸಿಡ್‌ನಲ್ಲಿ ಕೊರೆಸುತ್ತಾನೆ (ಇದಕ್ಕೆ ಎಚ್ಚಿಂಗ್ ಅನ್ನುತ್ತಾರೆ), ಮಸಿ ಹಚ್ಚಿ ಕಾಗದಕ್ಕೆ ಒತ್ತುತ್ತಾನೆ. ಕಾಗದದ ಮೇಲೆ ಬಂದದ್ದೇ ಮೂಲ ಚಿತ್ರ. ಇಪ್ಪತ್ತೈದು ಪ್ರತಿ ತೆಗೆದರೆ ಇಪ್ಪತ್ತೈದೂ ಮೂಲ.

ಕೆಳಗೆ ಪೆನ್ಸಿಲ್‌ನಲ್ಲಿ 7/25 ಅಂತ ಬರೆದಿರುತ್ತಾರೆ, ಇಪ್ಪತ್ತೈದರಲ್ಲಿ ಏಳನೆಯದು. ಎ.ಪಿ. ಅಂತಿದ್ದರೆ ಕಲಾವಿದ ತನಗೆ ಇಟ್ಟುಕೊಂಡ ಪ್ರತಿ. ಲೆಕ್ಕ ಮುಗಿದ ಮೇಲೆ ಹಲಗೆಗೆ ಅಡ್ಡ ಗೀರು ಹಾಕಿಬಿಡುವ ಪದ್ಧತಿ ಇದೆ, ಮತ್ತೆ ಒತ್ತಬಾರದು ಅಂತ. ಮಷಿನ್ ಪ್ರಿಂಟಿಗೂ ಕೆಲವರು ನಂಬರ್ ಹಾಕಿ ಸಹಿ ಮಾಡುತ್ತಾರೆ, ಆದ್ದರಿಂದ ನಂಬರ್ ನೋಡಿ ಮೋಸ ಹೋಗಬೇಡಿ.

ಗುರುತಿಸೋದು ಕಷ್ಟ ಇಲ್ಲ. ಒಂದು ಭೂತಗನ್ನಡಿ ಹಿಡಿಯಿರಿ. ಆಫ್‌ಸೆಟ್ ಆದರೆ ಚುಕ್ಕಿಗಳು ಸಣ್ಣ ಹೂವಿನ ಥರ ಸಾಲಾಗಿ ಕಾಣುತ್ತವೆ. ಇಂಕ್‌ಜೆಟ್ ಆದರೆ ತುಂತುರು ಚುಕ್ಕಿ. ಕೈ ಒತ್ತಿನ ಲಿನೋದಲ್ಲಿ ಚುಕ್ಕಿಯೇ ಇಲ್ಲ. ಗೆರೆಯ ಅಂಚಿಗೆ ಮಸಿ ಸ್ವಲ್ಪ ದಪ್ಪಗೆ ಸರಿದಿರುತ್ತದೆ, ಕಾಗದದ ಹಿಂದೆ ಬೆರಳಾಡಿಸಿದರೆ ಉಬ್ಬು ತಗ್ಗು ಸಿಗುತ್ತದೆ. ತಗಡಿನ ಪ್ರಿಂಟ್ ಆದರೆ ಸುತ್ತಲೂ ತಗಡಿನ ಅಂಚು ಕಾಗದದಲ್ಲಿ ಒತ್ತಿ ಕೂತಿರುತ್ತದೆ.

ರಾಯಚೂರು ಬಿಸಿಲು

ಮೇಷ್ಟ್ರೇ ಪಾಠ ಚೆನ್ನಾಗಿದೆ, ಆದರೆ ನಮ್ಮ ಮನೆಗಳಲ್ಲಿ ಪ್ರಿಂಟ್ ಅಂದರೆ ಕ್ಯಾಲೆಂಡರೇ. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿ ಮನೆ ಮನೆಗೆ ಬಂದರು. ಆಮೇಲೆ ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರು ಮುಂಬೈಗೆ ಹೋಗಿ ಕ್ಯಾಲೆಂಡರಿಗೆ ಬರೆದ ದೇವರುಗಳು ದೇಶವೆಲ್ಲ ಓಡಾಡಿದವು. ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತಿತ್ತು, ವರ್ಷ ಮುಗಿದ ಮೇಲೂ ಚಿತ್ರ ಕತ್ತರಿಸಿ ಜಗಲಿ ಮೇಲೆ ಇಡುತ್ತಿದ್ದರು. ಬಡವನ ಗೋಡೆಗೆ ಕಲೆ ಬಂದದ್ದು ಹಾಗೆ. ಈಗ ಇಪ್ಪತ್ತೈದೇ ಪ್ರತಿ ಅಂತ ಲೆಕ್ಕ ಹಾಕಿ ಬೆಲೆ ಏರಿಸಿ, ಮೇಲೆ ಇದು ನಮ್ಮ ನೆಲದ ಕಲೆ ಅಂದರೆ ನಗು ಬರುತ್ತದೆ. ನೆಲದವರಿಗೆ ಎಟುಕಬೇಕಲ್ಲ ಮೊದಲು.

ಲಿಂಗಸುಗೂರಿಂದ ಬೆಂಗಳೂರಿಗೆ

ಬಿಸಿಲಣ್ಣ, ಎಟುಕಬೇಕು ಅನ್ನೋದು ಸರಿ. ಆದರೆ ಕ್ಯಾಲೆಂಡರ್ ಲಕ್ಷ್ಮಿಯ ಹಿಂದೆ ಇರುವ ಕೊಳ, ಹಂಸ, ಕಮಲ ಯಾವ ಊರಿನವು? ಅಲ್ಲಿ ಊರೇ ಇಲ್ಲ. ಎಲ್ಲ ಊರಿನ ಗೋಡೆಗೂ ಹೊಂದಬೇಕು ಅಂತಲೇ ಹಾಗೆ ಬರೆದದ್ದು. ಗದ್ದೆಯವರು ಕೇಳುತ್ತಿರುವುದು ಅದರ ಉಲ್ಟಾ.

ನನಗೆ ಈ ವಿಷಯದಲ್ಲಿ ನೆನಪಾಗೋದು ಪ್ರಿಂಟ್ ಕಲಾವಿದೆ ಜರೀನಾ ಹಾಶ್ಮಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು. ದೇಶ ಭಾಗವಾದ ಮೇಲೆ ಮನೆಯವರು ಪಾಕಿಸ್ತಾನಕ್ಕೆ ಹೋದರು, ಇವರು ಊರೂರು ಸುತ್ತಿ ನ್ಯೂಯಾರ್ಕ್‌ನಲ್ಲಿ ನೆಲೆಸಿದರು, 2020ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು. 1999ರಲ್ಲಿ ಅವರು ಮಾಡಿದ 'ಹೋಮ್ ಈಸ್ ಎ ಫಾರಿನ್ ಪ್ಲೇಸ್' ಅನ್ನುವ ಸರಣಿಯಲ್ಲಿ 36 ಮರದ ಅಚ್ಚಿನ ಪ್ರಿಂಟ್ ಇವೆ. ಒಂದೊಂದಕ್ಕೆ ಒಂದೊಂದು ಉರ್ದು ಶಬ್ದ, ಮನೆ, ಹೊಸ್ತಿಲು, ಬಾಗಿಲು ಅಂತ. ಚಿತ್ರದಲ್ಲಿ ಜನ ಇಲ್ಲ, ಗೋಪುರ ಇಲ್ಲ. ಕಪ್ಪು ಗೆರೆಗಳಷ್ಟೇ. ಮನೆ ಅನ್ನುವ ಶಬ್ದಕ್ಕೆ ಮನೆಯ ನಕ್ಷೆ. ಕಳೆದುಕೊಂಡ ಊರನ್ನು ಅಷ್ಟು ಕಡಿಮೆ ಗೆರೆಯಲ್ಲಿ ಹಿಡಿದವರನ್ನು ನಾನು ಬೇರೆ ನೋಡಿಲ್ಲ.

ನಾನಿರುವ ಬಾಡಿಗೆ ಫ್ಲಾಟಿನಲ್ಲಿ ಮೊಳೆ ಹೊಡೆಯಲು ಓನರ್ ಬಿಡಲ್ಲ, ಅದು ಬೇರೆ ಮಾತು. ಆದರೆ ನಮ್ಮ ಊರಿಗೆ ಅಂಥದ್ದು ಮಾಡಿದರೆ ಯಾವ ಶಬ್ದ ಬರಬೇಕು ಅಂತ ಆಗಾಗ ಪಟ್ಟಿ ಹಾಕುತ್ತಿರುತ್ತೇನೆ. ಕಾಳು ತುಂಬಿಡುವ ಹಗೇವು. ಮಾಳಿಗೆ. ಜಂತಿ. ಬೆಳಕಿಂಡಿ. ಊರ ಬಾಗಿಲ ಅಗಸಿ. ಹೊಂಡ.

ತುಂಗಭದ್ರಾ ಹಿನ್ನೀರು

ಬೆಳಕಿಂಡಿ ಸೇರಿಸಿದ್ದಕ್ಕೆ ಅಕ್ಕಾ ನಿಮಗೆ ಒಂದು ನಮಸ್ಕಾರ. ಮಣ್ಣಿನ ಮಾಳಿಗೆ ಮನೆಯಲ್ಲಿ ಮಧ್ಯಾಹ್ನ ಆ ಕಿಂಡಿಯಿಂದ ಬಿಸಿಲಿನ ಕೋಲು ಇಳಿದು ಧೂಳು ತೇಲೋದು, ಮಳೆ ಬಂದರೆ ಯಾರಾದರೂ ಮೇಲೆ ಓಡಿ ಅದರ ಮೇಲೆ ಬಂಡೆಯನ್ನೋ ಬುಟ್ಟಿಯನ್ನೋ ಮುಚ್ಚೋದು, ಇದೆಲ್ಲ ಆರ್‌ಸಿಸಿ ಮನೆಯ ಹುಡುಗರಿಗೆ ಗೊತ್ತೇ ಇಲ್ಲ. ಕಪ್ಪು ಹಲಗೆಯಲ್ಲಿ ಒಂದೇ ಚೌಕ ಕೆತ್ತಿ ಒತ್ತಿದರೆ ಸಾಕು, ನಮ್ಮ ಕಡೆಯವರಿಗೆ ತಿಳಿಯುತ್ತದೆ.

ನಮ್ಮದು ಮುಳುಗಡೆ ಮನೆತನ. 1953ರಲ್ಲಿ ಡ್ಯಾಮಿಗೆ ನೀರು ನಿಂತಿತು, ಅಜ್ಜನ ಊರು ಒಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಗೋಡೆಯ ಬುಡ, ಗುಡಿಯ ಕಲ್ಲು ಕಾಣುತ್ತವೆ ಅಂತ ದೊಡ್ಡವರು ನೋಡಿಕೊಂಡು ಬರುತ್ತಿದ್ದರು. ಇದರ ಮೇಲೆ ಯಾರೂ ಪ್ರಿಂಟ್ ಮಾಡಿಲ್ಲವಾ? ಪ್ರತಿ ಒತ್ತಿಗೂ ಸ್ವಲ್ಪ ಸ್ವಲ್ಪ ಹಲಗೆ ಕೆತ್ತುತ್ತಾ ಹೋಗಿ, ಕೊನೆಯ ಪ್ರತಿಯಲ್ಲಿ ಊರೇ ಇಲ್ಲದ ಹಾಗೆ?

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ನೀವು ಹೇಳಿದ್ದು ಆಗುವಂಥ ಕೆಲಸ. ಒಂದೇ ಹಲಗೆಯನ್ನು ಹಂತ ಹಂತವಾಗಿ ಕೆತ್ತಿ ಒತ್ತುವ ಕ್ರಮ ಇದೆ. ಮೊದಲ ಒತ್ತು ಆದ ಮೇಲೆ ಕೆತ್ತಿದ್ದನ್ನು ವಾಪಸ್ ತರಲು ಆಗಲ್ಲ. ಮುಳುಗಡೆಗೆ ಅದಕ್ಕಿಂತ ಒಪ್ಪುವ ವಿಧಾನ ಇಲ್ಲ. ಯಾರಾದರೂ ಮಾಡಿದರೆ ನಾನೇ ಮೊದಲ ಗಿರಾಕಿ.

ಇನ್ನೊಂದು ಮಾತು. ಹೊರಗಿನವರು ನಮ್ಮ ಮೂರು ಜಿಲ್ಲೆಯನ್ನು ಒಂದೇ ಬಣ್ಣದಲ್ಲಿ ಬಳಿಯುತ್ತಾರೆ, ನಾವೂ ಹಾಗೆ ಮಾಡಬಾರದು. ಬಳ್ಳಾರಿ ಮದ್ರಾಸಿನಲ್ಲಿತ್ತು, 1953ರಲ್ಲಿ ಮೈಸೂರಿಗೆ ಬಂತು. ರಾಯಚೂರು, ಕೊಪ್ಪಳ ನಿಜಾಮರ ಕಡೆ, ಸೇರಿದ್ದು 1956ರಲ್ಲಿ. ಕೊಪ್ಪಳ ಜಿಲ್ಲೆ ಆದದ್ದೇ 1997ರಲ್ಲಿ. ರಾಯಚೂರಿನ ಹಳೇ ಮನೆಯ ಕಾಗದಪತ್ರದಲ್ಲಿ ಉರ್ದು ಸಿಗುತ್ತದೆ, ಬಳ್ಳಾರಿ ಪೇಟೆಯಲ್ಲಿ ತೆಲುಗು ಕಿವಿಗೆ ಬೀಳುತ್ತದೆ. ಒಂದು ಪ್ರಿಂಟಿನಲ್ಲಿ ಮೂರು ಲಿಪಿ ಬಂದರೆ ಅದು ಶೋಕಿ ಅಲ್ಲ, ಇದ್ದದ್ದು ಇದ್ದ ಹಾಗೆ.

ರಾಯಚೂರು ಬಿಸಿಲು

ಈಗ ಬಂದಿರಿ ದಾರಿಗೆ. ಮೂರು ಲಿಪಿ ಯಾಕೆ, ರಾಯಚೂರು ಕೋಟೆಗೆ ಬನ್ನಿ. ಗೋಡೆಯಲ್ಲಿ ಒಂದು ಬಂಡೆ ಇದೆ, ಸುಮಾರು 41 ಅಡಿ ಉದ್ದ, ಅದರ ಮೇಲೆ 1294ರ ತೆಲುಗು ಶಾಸನ, ಕಾಕತೀಯರ ಕಾಲದ್ದು. ಮಜಾ ಅಂದರೆ ಆ ಬಂಡೆಯನ್ನು ಹೇಗೆ ತಂದರು ಅನ್ನುವ ಚಿತ್ರವನ್ನೂ ಅಲ್ಲೇ ಗೋಡೆಗೆ ಗೀರಿದ್ದಾರೆ. ಬಂಡಿ ಮೇಲೆ ಕಲ್ಲು, ಮುಂದೆ ಸಾಲು ಸಾಲು ಕೋಣ. ರಾಜನಿಲ್ಲ, ದೇವರಿಲ್ಲ, ಹೊರೆ ಎಳೆಯುವ ಕೋಣಗಳು. ನನಗೆ ಪ್ರಿಂಟ್ ಬೇಕೆಂದರೆ ಅದೇ ಬೇಕು. ಬಸ್ ಸ್ಟ್ಯಾಂಡಿನ ಹತ್ತಿರವೇ ಇದೆ, ಜನ ನೋಡದೆ ಹೋಗುತ್ತಾರೆ.

ಹೊಸ ಸದಸ್ಯ

ಆ ಕಲ್ಲಿನ ಮೇಲೆ ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿ ಪ್ರತಿ ತೆಗೆಯಬಹುದಾ? ಮಕ್ಕಳು ನಾಣ್ಯದ ಮೇಲೆ ಮಾಡುತ್ತಾರಲ್ಲ.

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ದಯವಿಟ್ಟು ಬೇಡ. ಸಂರಕ್ಷಿತ ಜಾಗದಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಕಲ್ಲು ಮುಟ್ಟಬಾರದು. ಶಾಸನದವರು ಮಾಡುವ ಕ್ರಮ ಬೇರೆ. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಗಟ್ಟಿ ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಸುತ್ತಾರೆ. ಮೇಲಿನಿಂದ ಮಸಿ ಒತ್ತುತ್ತಾರೆ. ತಗ್ಗು ಬಿಳಿ, ಉಳಿದದ್ದು ಕಪ್ಪು. ಮಸಿ ಮೇಲ್ಗಡೆ ಬೀಳುವುದರಿಂದ ಅಕ್ಷರ ನೇರವಾಗಿಯೇ ಬರುತ್ತದೆ, ಲಿನೋದ ಹಾಗೆ ತಿರುಗಲ್ಲ. ನಮ್ಮ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನ, 1915ರಲ್ಲಿ ಸಿಕ್ಕ ಮಸ್ಕಿ ಶಾಸನ ಇವನ್ನೆಲ್ಲ ಪುಸ್ತಕದಲ್ಲಿ ನೋಡುವಾಗ ನಾವು ನೋಡುವುದು ಅಂಥ ಪ್ರತಿಗಳನ್ನೇ. ಚೆಂದದ ಪ್ರಿಂಟ್ ಅವು. ಕಲೆ ಅಂತ ಯಾರೂ ಕರೆಯಲಿಲ್ಲ ಅಷ್ಟೇ.

ಸಂಡೂರು ಕೆಮ್ಮಣ್ಣು

ಬಹಳ ದಿನದಿಂದ ಓದುತ್ತೇನೆ, ಬರೆಯೋದು ಕಡಿಮೆ. ಈಗ ಗಣಿ ಧೂಳಿನಿಂದ ಬಣ್ಣ ಮಾಡಿ ಪ್ರಿಂಟ್ ತೆಗೆಯುವುದು ಒಂದು ಫ್ಯಾಶನ್ ಆಗಿದೆ. ದೊಡ್ಡ ಊರಿನ ಒಂದು ಪ್ರದರ್ಶನದಲ್ಲಿ ನೋಡಿದೆ. ಬಿಳಿ ಗೋಡೆ, ದಪ್ಪ ಕಾಗದ, ಮಧ್ಯೆ ನಮ್ಮ ಕೆಂಪು. ಜನ ಹತ್ತಿರ ಹೋಗಿ ಎಷ್ಟು ಬೆಚ್ಚಗಿನ ಬಣ್ಣ ಅನ್ನುತ್ತಿದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಆ ಬಣ್ಣ ನಮ್ಮ ಮನೆಯ ಒಣಗಿದ ಬಟ್ಟೆ ಮೇಲೆ, ಮೆಣಸಿನ ಗಿಡದ ಎಲೆ ಮೇಲೆ, ರಸ್ತೆ ಬದಿ ಅಂಗಡಿಯ ಚಹಾ ಲೋಟದಲ್ಲಿ ಇರುತ್ತಿತ್ತು. ಅಪ್ಪ ಲಾರಿ ಓಡಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಧೂಳೂ ನಿಂತಿತು, ಸಂಬಳವೂ ನಿಂತಿತು. ಎರಡೂ ಒಟ್ಟಿಗೆ. ಆ ಪ್ರಿಂಟಿನಲ್ಲಿ ಧೂಳು ಇತ್ತು, ಸಂಬಳದ ಮಾತು ಇರಲಿಲ್ಲ.

ಹಾಗಂತ ಮಾಡಬಾರದು ಅನ್ನಲ್ಲ. ಮಾಡುವವರು ಒಂದು ಲಾರಿಯ ಮಡ್‌ಗಾರ್ಡ್ ಆದರೂ ಹಾಕಲಿ, ಲೋಡಿಂಗ್ ಚೀಟಿ ಹಾಕಲಿ. ಸುಮ್ನೆ ಮಣ್ಣು ತಂದು ಕಾಗದಕ್ಕೆ ಹಚ್ಚಿ ಇದು ಸಂಡೂರು ಅಂದರೆ ಹೇಗೆ?

ಲಿಂಗಸುಗೂರಿಂದ ಬೆಂಗಳೂರಿಗೆ

ಇದನ್ನು ಎರಡು ಸಲ ಓದಿದೆ. ಇದೇ ತಕರಾರು ಲಂಬಾಣಿ ಕಸೂತಿ ವಿಷಯದಲ್ಲೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಮಾನ್ಯತೆ, ಇದೆ, ತಾಂಡಾದ ಹೆಣ್ಣುಮಕ್ಕಳ ಕೈ ಕೆಲಸ. ಆದರೆ ಅದೇ ಚೌಕ, ಅದೇ ಕನ್ನಡಿ ಬಿಲ್ಲೆಯ ನಮೂನೆಯನ್ನು ಕಂಪ್ಯೂಟರಿನಲ್ಲಿ ಹಾಕಿ ಪೋಸ್ಟರ್ ಮಾಡಿ ಟ್ರೈಬಲ್ ಆರ್ಟ್ ಅಂತ ಮಾರುತ್ತಾರೆ. ಹೆಸರೂ ಇಲ್ಲ, ಕಾಸೂ ಇಲ್ಲ.

ತಮ್ಮ ಬದುಕನ್ನು ತಾವೇ ಒತ್ತಿದವರೂ ಇದ್ದಾರೆ. ನಾಗಪುರದ ಸವಿ ಸಾವರ್ಕರ್ ಅಸ್ಪೃಶ್ಯತೆಯ ಬಗ್ಗೆ, ದೇವದಾಸಿಯರ ಬಗ್ಗೆ ಮಾಡಿದ ಎಚ್ಚಿಂಗ್‌ಗಳನ್ನು ನೋಡಿ. ಪಡಸಾಲೆಗೆ ಹೊಂದುವ ಚಿತ್ರ ಅಲ್ಲ, ಊಟ ಮಾಡುತ್ತಾ ನೋಡಲು ಆಗಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಫೋಟೋ ಸರಣಿಯಲ್ಲಿ ತಾವೇ ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ಬಿಸಿಲಣ್ಣನ ಕ್ಯಾಲೆಂಡರ್ ಅಲ್ಲೂ ಬಂತು ನೋಡಿ. ಒಂದು ಹೆಂಗಸು ದಕ್ಷಿಣ ಭಾರತದ ಹೆಂಗಸಾಗಿ ಕಾಣಬೇಕಾದರೆ ಎಷ್ಟು ವೇಷ ಹಾಕಬೇಕು ಅನ್ನುವುದೇ ಅದರ ವಿಷಯ. ನಗುತ್ತಾ ಚುಚ್ಚುತ್ತಾರೆ.

ಕೌಲ್ ಬಜಾರ್

ಕೆಮ್ಮಣ್ಣು ಅಣ್ಣನ ಮಾತಿಗೆ ನನ್ನದೂ ಸೇರಿಸುತ್ತೇನೆ. ನಮ್ಮದು ಜೀನ್ಸ್ ಲೇಬಲ್‌ಗೆ ಸ್ಕ್ರೀನ್ ಪ್ರಿಂಟ್ ಹಾಕುವ ಅಂಗಡಿ. ಪಕ್ಕದ ಬೀದಿಯಲ್ಲಿ ವಾಷಿಂಗ್ ಯೂನಿಟ್ ಇತ್ತು, ಚರಂಡಿ ನೀರು ನೀಲಿ. ಕಲಾ ಕಾಲೇಜಿನ ಒಬ್ಬಳು ಹುಡುಗಿ ನಮ್ಮಲ್ಲಿ ಬಂದು ಚಿಂದಿ ಕೇಳಿದಳು. ಜೀನ್ಸಿನ ಹಿಂದಿನ ಜೇಬನ್ನು ದಪ್ಪ ರಟ್ಟಿಗೆ ಫೆವಿಕಾಲ್‌ನಿಂದ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ಒಣಗಿಸಿ, ಮಸಿ ಸವರಿ, ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಎಳೆದಳು. ನಾನು ಇಷ್ಟು ವರ್ಷ ಆ ಬಟ್ಟೆ ಮುಟ್ಟಿದ್ದೇನೆ, ಅದರ ಓರೆ ನೇಯ್ಗೆಯ ಗೆರೆ ಹಾಗೆ ಕಂಡಿರಲಿಲ್ಲ. ಹೊಲಿಗೆಯ ದಾರ ಒಂದೊಂದೂ ಎದ್ದು ಕೂತಿತ್ತು. ಟೇಲರ್ ಎಲ್ಲಿ ಹೊಲಿಗೆ ತಪ್ಪಿಸಿ ವಾಪಸ್ ಹೊಡೆದಿದ್ದಾನೆ ಅನ್ನುವುದು ಕೂಡ ಅಚ್ಚಾಗಿತ್ತು. ಯಾವ ಟೇಲರ್ ಅಂತ ನಮ್ಮ ಹುಡುಗರು ಗುರುತು ಹಿಡಿದರು! ರಿವೆಟ್ ಮಾತ್ರ ಮೊದಲೇ ಕೀಳಬೇಕು, ಇಲ್ಲದಿದ್ದರೆ ಕಾಗದ ಹರಿಯುತ್ತದೆ, ಪ್ರೆಸ್ಸಿಗೂ ಪೆಟ್ಟು.

ಬಳ್ಳಾರಿ ಅಂದರೆ ನನಗೆ ಅದು. ಕೋಟೆ ಫೋಟೋ ಅಲ್ಲ.

ರಾಯಚೂರು ಬಿಸಿಲು

ಇದು ಒಪ್ಪಿದೆ. ಆ ಹುಡುಗಿ ಅದನ್ನು ಆ ಟೇಲರಿಗೆ ಒಂದು ಪ್ರತಿ ಕೊಟ್ಟಳಾ?

ಕೌಲ್ ಬಜಾರ್

ಕೊಟ್ಟಳು. ಅವನು ಮಷಿನ್ ಮೇಲೆ ಪಿನ್ ಹೊಡೆದು ಹಾಕಿದ್ದಾನೆ. ಎಣ್ಣೆ ಕಲೆ ಬಿದ್ದಿದೆ.

ಗಂಗಾವತಿ ಗದ್ದೆ

ಎಲ್ಲರಿಗೂ ಧನ್ಯವಾದ. ನನಗೆ ಈಗ ಕೊಳ್ಳುವುದಕ್ಕಿಂತ ಮಾಡಿಸುವ ಹುಚ್ಚು ಹಿಡಿದಿದೆ. ಲಿನೋ ನಾವೇ ಮಾಡಬಹುದಾ? ಮಗಳು ಒಂಬತ್ತನೇ ಕ್ಲಾಸು, ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಪ್ರೆಸ್ ಇಲ್ಲ.

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ಧಾರಾಳವಾಗಿ. ಪ್ರೆಸ್ ಬೇಡ, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು, ಕೈ ನೋಯುತ್ತದೆ ಅಷ್ಟೇ. ನಮ್ಮ ಬೇಸಿಗೆ ಲಿನೋಗೆ ವರ, ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಟ್ಟರೆ ಬೆಣ್ಣೆ ಕೊಯ್ದ ಹಾಗೆ ಉಳಿ ಓಡುತ್ತದೆ. ಅದೇ ಬಿಸಿಲು ಮಸಿಗೆ ಶತ್ರು. ನೀರಿನ ಮಸಿ ಆದರೆ ರೋಲರ್ ಮೇಲೇ ಒಣಗಿಬಿಡುತ್ತದೆ, ಬೆಳಿಗ್ಗೆ ಬೇಗ ಒತ್ತಿ ಮುಗಿಸಿ, ಇಲ್ಲ ಎಣ್ಣೆ ಮಸಿ ತನ್ನಿ. ಕೊಯ್ಯುವ ಕೈಯ ಮುಂದೆ ಇನ್ನೊಂದು ಕೈ ಇಡಬಾರದು, ಇದನ್ನು ಮಗಳಿಗೆ ಮೊದಲೇ ಹೇಳಿ.

ಕನ್ನಡ ಅಕ್ಷರ ಹಾಕುವುದಾದರೆ ತಿರುಗಿಸಿ ಕೆತ್ತಬೇಕು. ಬೆಣ್ಣೆ ಕಾಗದದ ಮೇಲೆ ಬರೆದು ಮಗುಚಿ ಇಟ್ಟು ತಿದ್ದಿಕೊಳ್ಳಿ. ನಮ್ಮ ಅಕ್ಷರ ದುಂಡು, ಮರದಲ್ಲಿ ನಾರು ಎದುರಾಗಿ ಒತ್ತಕ್ಷರ ಹಾರಿಹೋಗುತ್ತದೆ, ಲಿನೋದಲ್ಲಿ ಆ ತೊಂದರೆ ಇಲ್ಲ. ಏನು ಕೆತ್ತಬೇಕು ಅನ್ನುವುದಕ್ಕೆ ಲಕ್ಷ್ಮಾ ಗೌಡರ ಎಚ್ಚಿಂಗ್ ತೋರಿಸಿ ಮಗಳಿಗೆ. ಮೇದಕ್ ಕಡೆಯ ನಿಜಾಂಪುರದವರು, ಬರೋಡಾದಲ್ಲಿ ಓದಿ ಬಂದು ತಮ್ಮ ಹಳ್ಳಿಯ ಮೇಕೆ, ಹೆಂಗಸು, ಗಂಡಸು ಇವರನ್ನೇ ಬರೆದರು. ನಮ್ಮ ಊರಿನಲ್ಲಿ ಏನಿದೆ ಬರೆಯಲು ಅಂತ ಮಕ್ಕಳು ಕೇಳುವಾಗ ನಾನು ಅದನ್ನೇ ತೋರಿಸುವುದು. ದೊಡ್ಡವರಿಗೆ ಇರುವ ಕೆಲವು ಚಿತ್ರಗಳೂ ಅವರ ಹತ್ತಿರ ಇವೆ, ಆರಿಸಿ ತೋರಿಸಿ.

ತುಂಗಭದ್ರಾ ಹಿನ್ನೀರು

ಫ್ರೇಮ್ ಹಾಕಿಸುವಾಗ ಎಚ್ಚರ. ನಮ್ಮ ಪೇಟೆಯ ಒಂದು ಅಂಗಡಿಯವರು ಒಳ್ಳೆಯ ಪ್ರಿಂಟನ್ನು ಹಿಂದಿನಿಂದ ಗೋಂದು ಬಳಿದು ಹಲಗೆಗೆ ಅಂಟಿಸಿಬಿಟ್ಟರು. ಈಗ ತೆಗೆಯಲು ಬರಲ್ಲ, ಕಾಗದ ಅಲ್ಲಲ್ಲಿ ಹಳದಿ. ಅಂಟು ಬೇಡ, ಸೆಲ್ಲೋಟೇಪ್ ಬೇಡ ಅಂತ ಎದುರು ನಿಂತು ಹೇಳಿ. ಗಾಜಿಗೆ ಕಾಗದ ತಾಗದ ಹಾಗೆ ಸುತ್ತ ರಟ್ಟಿನ ಮೌಂಟ್ ಹಾಕಿಸಿ. ಪಶ್ಚಿಮದ ಕಿಟಕಿ ಎದುರು ತೂಗಬೇಡಿ.

ಸಂಡೂರು ಕೆಮ್ಮಣ್ಣು

ನಾನು ಬೈದ ಬಣ್ಣಕ್ಕೆ ಒಂದು ಒಳ್ಳೆ ಗುಣ ಇದೆ, ಅದನ್ನೂ ಹೇಳಬೇಕು. ಕಬ್ಬಿಣದ ಕೆಂಪು ಬಿಸಿಲಿಗೆ ಮಾಸಲ್ಲ. ಗಂಗಾವತಿ ಹತ್ತಿರ ಹಿರೇಬೆಣಕಲ್‌ನ ಮೊರೇರ ಬೆಟ್ಟದಲ್ಲಿ ಬಂಡೆ ಮೇಲಿನ ಕೆಂಪು ಚಿತ್ರ ಇನ್ನೂ ಕಾಣುವುದು ಅದಕ್ಕೇ. ಗದ್ದೆಯವರೇ, ಅದು ನಿಮ್ಮ ಮನೆ ಬಾಗಿಲಲ್ಲೇ ಇದೆ. ಮಗಳನ್ನು ಕರೆದುಕೊಂಡು ಹತ್ತಿ, ನೀರು ಜಾಸ್ತಿ ಒಯ್ಯಿರಿ. ಮಣ್ಣಿನ ಬಣ್ಣ ಬೇಕಾದರೆ ನುಣ್ಣಗೆ ಅರೆದು, ನೀರಲ್ಲಿ ಕದಡಿ, ಮೇಲಿನದು ಬಸಿದು ಒಣಗಿಸಿ ಎಣ್ಣೆಯಲ್ಲಿ ಕಲಸಬೇಕು. ಮರಳು ಉಳಿದರೆ ಲಿನೋ ಗೀರುತ್ತದೆ.

ಗಂಗಾವತಿ ಗದ್ದೆ

ಮಗಳಿಗೆ ಇಡೀ ಚರ್ಚೆ ಓದಿಸಿದೆ. ಗುಡಿ ಗೋಪುರ ಏನೂ ಬೇಡವಂತೆ, ಮಿಲ್ಲಿನ ಹತ್ತಿರ ಭತ್ತ ಒಣಹಾಕಿ ಕಾಲಿನಿಂದ ಸಾಲು ಎಳೆಯುವ ಹೆಂಗಸರ ಪಾದ ಕೆತ್ತುತ್ತಾಳಂತೆ. ಪಾದ ಮಾತ್ರ, ಮತ್ತೆ ಸಾಲು. ನನಗೆ ಮೊದಲು ಅರ್ಥ ಆಗಲಿಲ್ಲ. ಸ್ಕೆಚ್ ನೋಡಿದ ಮೇಲೆ ಸುಮ್ಮನಾದೆ. ಅವರನ್ನು ಕೇಳಿಯೇ ಬರೆಯಬೇಕು ಅಂತ ಕೆಮ್ಮಣ್ಣು ಅಂಕಲ್ ಹೇಳಿದ ಹಾಗಾಯಿತು ಅಲ್ವಾ ಅಂದಳು. ಒಂದೊಂದು ಪ್ರತಿ ಅವರಿಗೆ ಕೊಡುತ್ತೇವೆ. ಕಾಗದ ಯಾವುದು ತರಲಿ?

ಕೊಪ್ಪಳ ಡ್ರಾಯಿಂಗ್ ಮೇಷ್ಟ್ರು

ಚಮಚದಿಂದ ಉಜ್ಜಲು ತೆಳು ಕಾಗದ ಒಳ್ಳೆಯದು. ಕೈಯಿಂದ ಮಾಡಿದ ಹತ್ತಿ ಕಾಗದದಲ್ಲಿ ತೆಳ್ಳಗಿನದು ಕೇಳಿ. ಡ್ರಾಯಿಂಗ್ ಶೀಟ್ ದಪ್ಪ, ಮಸಿ ಎಲ್ಲ ಕಡೆ ಹಿಡಿಯಲ್ಲ.

ಲಿಂಗಸುಗೂರಿಂದ ಬೆಂಗಳೂರಿಗೆ

ಜೀನ್ಸ್ ಚಿಂದಿಯನ್ನೇ ನೆನೆಸಿ ಅರೆದು ಕಾಗದ ಮಾಡುತ್ತಾರೆ, ತಿಳಿ ನೀಲಿ ಬೂದು ಬಣ್ಣ ಬರುತ್ತದೆ. ಕೌಲ್ ಬಜಾರ್ ಅವರೇ, ನಿಮ್ಮಲ್ಲಿ ಚಿಂದಿ ಏನು ಮಾಡುತ್ತೀರಿ?

ಕೌಲ್ ಬಜಾರ್

ಸದ್ಯಕ್ಕೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಬೇಕಾದವರು ಹೇಳಿ, ಚೀಲ ಕಟ್ಟಿಡುತ್ತೇನೆ. ಲೈಕ್ರಾ ಇರುವ ಸ್ಟ್ರೆಚ್ ಬಟ್ಟೆ ಅರೆಯಲು ಬರಲ್ಲ, ನಾರು ರಬ್ಬರ್ ಆಗಿ ಸುತ್ತಿಕೊಳ್ಳುತ್ತದೆ, ಪೂರ್ತಿ ಹತ್ತಿಯದ್ದು ಬೇರೆ ತೆಗೆದಿಡಬೇಕು. ಗುಂಡಿ, ಜಿಪ್ಪು, ರಿವೆಟ್ ನೀವೇ ಕಿತ್ತುಕೊಳ್ಳಬೇಕು, ಅದಕ್ಕೆ ನಮ್ಮಲ್ಲಿ ಆಳಿಲ್ಲ.